ದುಂಡವ್ವ ಬೆರೆಸಿದ ಗ್ಲಾಸು

ಕುರಿಯ ಹಾಲು ಕುಡಿದು ಅಮಲು ಏರಿಸಿಕೊಂಡ ಮನುಷ್ಯ ಇಡೀ ಮೂಡಲಗಿ ತಾಲೂಕಿನಲ್ಲಿ ಶುಭಮ್ ಒಬ್ಬನೇ ಇರಬೇಕು.

ಅವನು ಹತ್ತರಗಿಯ ಕಡೆಯ ಹುಡುಗ. ಓದಿದ್ದಕ್ಕೂ ಸಿಕ್ಕ ಕೆಲಸಕ್ಕೂ ಸಂಬಂಧವಿಲ್ಲದೆ, ಸಕ್ಕರೆ ಕಾರ್ಖಾನೆಯೊಂದರ ಕಬ್ಬಿನ ವಿಭಾಗದಲ್ಲಿ ದಿನಗೂಲಿಗೆ ಸೇರಿದ್ದ. ಟೇಪು ಹಿಡಿದು ಕಬ್ಬಿನ ಹೊಲ ಅಳೆಯುವುದು ಒಂದು ಕೆಲಸ; ಕಡಿಯುವ ಸರದಿ ಬರಲಿಲ್ಲವೆಂದು ರೈತರು ಬೈದರೆ ಬೈಸಿಕೊಳ್ಳುವುದು ಇನ್ನೊಂದು. ಎರಡನೆಯದರಲ್ಲಿ ಅವನ ಕೈ ಬೇಗ ಪಳಗಿತು. ಕುಲಗೋಡದಲ್ಲಿ ಲಕ್ಕವ್ವ ಎಂಬ ಮುದುಕಿಯ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದು ಇನ್ನೂ ವಾರವಾಗಿರಲಿಲ್ಲ, ಗೋಕಾಕದಿಂದ ಬರುವ ಸಂಜೆಯ ಬಸ್ಸಿನಲ್ಲಿ ಪಕ್ಕದ ಮನೆಯ ಹೆಂಗಸು ಅವನ ಮುಂದಿನ ಸೀಟಿನಲ್ಲಿ ಕುಳಿತಿದ್ದಳು. ರಸ್ತೆಯ ಗುಂಡಿ ಬಂದಾಗೊಮ್ಮೆ ಅವಳ ಕೈಚೀಲ ಠಣ್ ಎನ್ನುತ್ತಿತ್ತು. ಒಂದು ದೊಡ್ಡ ಗುಂಡಿಗೆ ಚೀಲದ ಬಾಯಿ ಸರಿಯಿತು. ಮೆಂತ್ಯೆಸೊಪ್ಪಿನ ಸಿವುಡುಗಳ ನಡುವೆ ರಮ್ ಬಾಟಲಿಗಳ ಕೊರಳುಗಳು ಕಂಡವು.

ಹಣೆ ತುಂಬ ಕುಂಕುಮ, ತಲೆಯ ಮೇಲೆ ಸೆರಗು, ಚೀಲದಲ್ಲಿ ರಮ್. ಶುಭಮ್‌ಗೆ ಬೇರೆ ವಿಚಾರವೇ ಹೊಳೆಯಲಿಲ್ಲ. ಮಾರುತ್ತಾಳೆ! ಅದೂ ತನ್ನ ಗೋಡೆಯ ಆಚೆಗೇ ಮಾರುತ್ತಾಳೆ! ಕುಲಗೋಡದಲ್ಲಿ ದೇವರು ತನ್ನನ್ನು ಪೂರ್ತಿ ಕೈಬಿಟ್ಟಿಲ್ಲ ಎಂದುಕೊಂಡ.

ಮರುದಿನ ಖಾಲಿ ನೀರಿನ ಬಾಟಲಿಯನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಹಿತ್ತಲಿನಿಂದ ಹೋದ. ಇಂಥ ವ್ಯವಹಾರವೆಲ್ಲ ಹಿತ್ತಲಿನಲ್ಲೇ ನಡೆಯುತ್ತದೆ ಎಂಬಷ್ಟು ಲೋಕಜ್ಞಾನ ಅವನಿಗಿತ್ತು. ಅಲ್ಲಿ ಕುರಿಹಟ್ಟಿ ಇರಬಹುದು ಎಂಬಷ್ಟು ಇರಲಿಲ್ಲ. ಚಪ್ಪಲಿಯ ತುಂಬ ಹಿಕ್ಕೆ ಮೆತ್ತಿಕೊಂಡು ನಿಂತ. ಹೆಂಗಸು ಚೆಂಬು ಹಿಡಿದು ಕುರಿಯ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು.

"ಕಾಕೂ, ಸಿಗತೈತೇನ್ರಿ?" ಎಂದು ಪಿಸುಗುಟ್ಟಿದ.

"ಸಿಗತೈತಿ. ಎಷ್ಟ ಬೇಕ?"

"ಅರ್ಧಾ ಲೀಟರ್. ಯಾರ ಮುಂದೂ ಹೇಳೂದಿಲ್ರಿ."

"ಹೇಳಿದ್ರ ಹೇಳು. ಅಷ್ಟ ಆಗೂದಿಲ್ಲ, ಇದ್ದಷ್ಟ ಒಯ್ಯಿ. ಸಣ್ಣ ಕೂಸಿಗೇನ?"

ಗುಪ್ತ ಸಂಕೇತ! ಶುಭಮ್ ಕಣ್ಣು ಮಿಟುಕಿಸಿದ. "ಹೂನ್ರಿ. ಸಣ್ಣ ಕೂಸಿಗೇ."

ಬಾಟಲಿಗೆ ಬಿದ್ದದ್ದು ಬೆಳ್ಳಗಿತ್ತು. ಪೊಲೀಸರಿಗೆ ತಿಳಿಯದಿರಲೆಂದು ಹಾಲಿನಲ್ಲಿ ಬೆರೆಸಿದ್ದಾಳೆ, ಎಂಥ ತಲೆ ಎಂದು ಮೆಚ್ಚುತ್ತ ಕಬ್ಬಿನ ಬದುವಿನ ಮೇಲೆ ಕುಳಿತು ಒಂದೇ ಗುಟುಕಿಗೆ ಏರಿಸಿದ. ಕುರಿಯ ವಾಸನೆ ಬಂತು. ಮೊದಲು ಕಿವಿ ಬಿಸಿಯಾದವು, ಆಮೇಲೆ ಕಾಲು ಹಗುರಾದವು. ಹುಕ್ಕೇರಿಯಲ್ಲಿ ಜೊತೆಗೆ ಓದಿ, ಈಗ ಮದುವೆಯಾಗಿ ಸುಖವಾಗಿದ್ದ ಮೇಘಾಳಿಗೆ "ನೀ ಆರಾಮ ಇದ್ರ ಸಾಕು" ಎಂದು ಸಂದೇಶ ಕಳಿಸಿದ. ಗೋಡೆ ಹಿಡಿದುಕೊಂಡು ಮನೆಗೆ ಬಂದ.

ಬೆಳಿಗ್ಗೆ ಲಕ್ಕವ್ವ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಏನೋ ತಮ್ಮಾ, ಮದವಿ ಆಗಿಲ್ಲ ಅಂದಿದ್ದಿ. ಆ ಸಣ್ಣ ಕೂಸ ಯಾರ್ದ?"

ಗಾಬರಿಯಲ್ಲಿ ಶುಭಮ್ ಇದ್ದದ್ದನ್ನೆಲ್ಲ ಒದರಿಬಿಟ್ಟ. ಲಕ್ಕವ್ವ ನೆಲಕ್ಕೆ ಕುಳಿತು ನಕ್ಕಳು. ಸಂಜೆಯ ಹೊತ್ತಿಗೆ ಪಕ್ಕದ ಮನೆಯ ಹೆಂಗಸೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಂದು ನಿಂತಳು. "ಹಾಲ ಕುಡದ ತೂರ್ಯಾಡಿದಿ ಅಂತ?" ಎಂದು ಕೇಳಿ, ತಡೆಯಲಾರದೆ ಸೆರಗು ಬಿಟ್ಟು ನಕ್ಕಳು. ಅವಳ ಎಡಗಡೆಯ ಒಂದು ಹಲ್ಲು ಇರಲಿಲ್ಲ. ಕುರಿ ಒದ್ದಿತು ಎಂದು ಊರಿಗೆಲ್ಲ ಹೇಳಿದ್ದಳು. ಕುರಿ ಅಷ್ಟು ಎತ್ತರಕ್ಕೆ ಒದೆಯುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು.

ಇವಳೇ ದುಂಡವ್ವ.

ಹುಟ್ಟಿದ್ದು ಘೋಡಗೇರಿಯ ಕುರಿ ಕಾಯುವ ಮನೆಯಲ್ಲಿ. ಹುಡುಗಿಯಾಗಿದ್ದಾಗ ತಂದೆಯ ಹಿಂಡಿನ ಹಿಂದೆ ಹೊಲದಿಂದ ಹೊಲಕ್ಕೆ ನಡೆದವಳು. ಅಡ್ಡ ಸಿಕ್ಕಿಕೊಂಡ ಮರಿಯನ್ನು ತಾಯಿಯ ಹೊಟ್ಟೆಯಿಂದ ತಿರುಗಿಸಿ ತೆಗೆಯುವುದು, ತಬ್ಬಲಿ ಮರಿಗೆ ಬೇರೆ ಕುರಿಯ ಮೊಲೆ ಹಿಡಿಸುವುದು ಅವಳಿಗೆ ಅಡುಗೆ ಕಲಿಯುವ ಮೊದಲೇ ಬಂದಿತ್ತು. ಕುಲಗೋಡದ ಮಾಳಪ್ಪನಿಗೆ ಕೊಟ್ಟಾಗ ತವರಿನವರು ಕುರಿಗಳನ್ನೂ ಜೊತೆಗೆ ಕಳಿಸಿದ್ದರು. ಮಾಳಪ್ಪ ಅವುಗಳಲ್ಲಿ ಬಹುಪಾಲು ಮಾರಿ ಟ್ರ್ಯಾಕ್ಟರ್ ತಂದ. ಹಟ್ಟಿಯಲ್ಲಿ ಉಳಿದದ್ದು ಹಾಲಿಗೆ, ಹಬ್ಬಕ್ಕೆ ಸಾಕಾಗುವಷ್ಟು.

ಮಾಳಪ್ಪನನ್ನು ಶುಭಮ್ ಕಾರ್ಖಾನೆಯ ಅಂಗಳದಲ್ಲಿ ದಿನವೂ ನೋಡುತ್ತಿದ್ದ. ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಬಂದು, ಕೆಳಗಿಳಿದು ಎಲ್ಲರಿಗೂ ಕೈಮುಗಿಯುವ ಮನುಷ್ಯ. ಯಾರ ಟ್ರೇಲರ್ ಕೆಸರಿನಲ್ಲಿ ಹೂತರೂ ತನ್ನ ಗಾಡಿ ಬಿಟ್ಟು ಓಡುತ್ತಿದ್ದ. ಶಾಲೆಯ ಮಕ್ಕಳು ಕೈ ಮಾಡಿದರೆ ನಿಲ್ಲಿಸುತ್ತಿದ್ದ. ಮಗಳ ಮದುವೆಯಲ್ಲಿ ಬೀಗರು ಕಟ್ಟಿದ ಬಂಗಾರ ಬಣ್ಣದ ಗಡಿಯಾರ ಅವನ ಎಡಗೈಯಲ್ಲಿತ್ತು. ಯಾರೂ ಕೇಳದಿದ್ದರೂ ಸಮಯ ಹೇಳುತ್ತಿದ್ದ. ಹಗಲಲ್ಲಿ ಒಂದು ತೊಟ್ಟು ಮುಟ್ಟುತ್ತಿರಲಿಲ್ಲ. ಮಂದಿ ನೋಡಬಾರದೆಂದು ವೈನ್ ಶಾಪಿನ ಮೆಟ್ಟಿಲನ್ನೂ ಹತ್ತುತ್ತಿರಲಿಲ್ಲ. ಅದಕ್ಕೆ ಹೆಂಡತಿಯನ್ನು ಗೋಕಾಕಕ್ಕೆ ಕಳಿಸುತ್ತಿದ್ದ. ಅವಳನ್ನು ಮಂದಿ ನೋಡಿದರೆ ನಡೆಯುತ್ತಿತ್ತು.

"ಮನಷ್ಯಾ ಬಂಗಾರ. ಎಣ್ಣಿ ಒಳಗ ಹೋತಂದ್ರ ಅಂವ ಅಂವಲ್ಲ," ಎನ್ನುತ್ತಿದ್ದಳು ಲಕ್ಕವ್ವ. ಊರೆಲ್ಲ ಹೀಗೇ ಅನ್ನುತ್ತಿತ್ತು. ದುಂಡವ್ವನೂ ಹೀಗೇ ಅನ್ನುತ್ತಿದ್ದಳು. ಎಲ್ಲರಿಗಿಂತ ಗಟ್ಟಿಯಾಗಿ ಅವಳೇ ನಂಬಿದ್ದಳು. ಸಂಜೆ ಗ್ಲಾಸು ಖಾಲಿಯಾದ ಮೇಲೆ ಗೋಡೆಯ ಆಚೆಯಿಂದ ಬರುತ್ತಿದ್ದ ಹೊಡೆತದ ಸಪ್ಪಳ ಶುಭಮ್‌ಗೂ ಬೇಗ ಪರಿಚಯವಾಯಿತು. ಮೊದಲ ಸಲ ಕೇಳಿದಾಗ ಅವನು ಧೈರ್ಯ ಮಾಡಿ ಹೋಗಿ ಬಾಗಿಲು ಬಡಿದ. ಮಾಳಪ್ಪ ಬಾಗಿಲು ತೆಗೆದ. ಆ ಕ್ಷಣಕ್ಕೆ ವೀರನ ಬಾಯಿಂದ ಬಂದ ಮಾತು, "ಕಾಕಾ, ಕಡ್ಡಿಪೆಟ್ಟಿಗಿ ಐತೇನ್ರಿ?" ಮಾಳಪ್ಪ ಕಡ್ಡಿಪೆಟ್ಟಿಗೆ ಕೊಟ್ಟ. ಕೊಡುವ ಕೈಯಲ್ಲಿ ಗಡಿಯಾರ ಇರಲಿಲ್ಲ. ಅದು ಬಾಗಿಲ ಪಕ್ಕದ ಗೂಟಕ್ಕೆ ತೂಗುತ್ತಿತ್ತು. ಶುಭಮ್ ಅದನ್ನು ನೋಡಿದ, ಅದರ ಬಗ್ಗೆ ಏನೂ ವಿಚಾರಿಸಲಿಲ್ಲ. ಬೀಡಿ ಸೇದದ ಅವನ ಕೋಣೆಯಲ್ಲಿ ಆ ಹಂಗಾಮಿನಲ್ಲಿ ಕಡ್ಡಿಪೆಟ್ಟಿಗೆಗಳ ಸಾಲೇ ಆಯಿತು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ದುಂಡವ್ವ ಅವನ ಕೋಣೆಯ ಹೊಸ್ತಿಲಲ್ಲಿ ಕುಳಿತಳು.

"ತಮ್ಮಾ, ನೀ ಎಣ್ಣಿ ವಿಚಾರದಾಗ ಶ್ಯಾಣ್ಯಾ ಅದಿ, ಹೌದಿಲ್ಲ?"

ಕುರಿಯ ಹಾಲಿನ ನಂತರ ಈ ಮಾತು ಹೊಗಳಿಕೆಯೋ ಚೇಷ್ಟೆಯೋ ತಿಳಿಯಲಿಲ್ಲ. ಅವಳ ಮುಖದಲ್ಲಿ ಚೇಷ್ಟೆ ಇರಲಿಲ್ಲ.

"ರಮ್ ಕಮ್ಮಿ ಹಾಕಿದ್ರೂ ಕುಡಿಯಾಂವಗ ಗೊತ್ತಾಗಬಾರದು. ಹಂಗ ಏನರೆ ಮಾಡಾಕ ಬರ್ತೈತೇನ?"

ಆಮೇಲೆ ಸಂಗತಿ ಹೇಳಿದಳು. ಮಗಳು ಅನ್ನಪೂರ್ಣಾ ಘೋಡಗೇರಿಯ ಗಂಡನ ಮನೆಯಲ್ಲಿ ಬಸುರಿ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ ಮಾಡಿ ಕರೆದುಕೊಂಡು ಬರಬೇಕು. ಮಗಳು ಫೋನಿನಲ್ಲಿ ಖಡಾಖಂಡಿತ ಹೇಳಿದ್ದಳು: "ಅಪ್ಪಾ ಎಣ್ಣಿ ಬಿಟ್ರ ಬರ್ತೀನಿ ಯವ್ವಾ. ನನ್ನ ಕೂಸಿನ ಕಿವ್ಯಾಗ ಮೊದಲ ಆ ಸಪ್ಪಳ ಬೀಳೂದ ಬ್ಯಾಡ."

ಹಿಂದಿನ ವರ್ಷ ದುಂಡವ್ವ ಒಮ್ಮೆ ಬಾಟಲಿಗಳನ್ನೆಲ್ಲ ತಿಪ್ಪೆಗೆ ಸುರಿದು ನೋಡಿದ್ದಳು. ಎರಡು ದಿನದಲ್ಲಿ ಮಾಳಪ್ಪನ ಕೈ ನಡುಗಿ, ತೊಲೆಯ ಮೇಲೆ ಕುರಿ ಓಡಾಡುತ್ತಿವೆ ಎಂದು ಕೂಗಿ, ಬಾಯಿಗೆ ನೊರೆ ಬಂದು ಬಿದ್ದ. ಗೋಕಾಕದ ಡಾಕ್ಟರು, ಒಮ್ಮೆಲೇ ಬಿಡಿಸಿದರೆ ಜೀವಕ್ಕೇ ಅಪಾಯ, ಆಸ್ಪತ್ರೆಯಲ್ಲಿ ಇಟ್ಟು ಬಿಡಿಸಬೇಕು ಎಂದರು. ಮಾಳಪ್ಪ ಸಲಾಯಿನ್ ಸೂಜಿ ಕಿತ್ತೆಸೆದು ಬಸ್ಸು ಹತ್ತಿ ಬಂದುಬಿಟ್ಟ.

"ಮರಿಗೆ ಹಾಲು ಬಿಡಿಸೂದು ನನಗ ಗೊತ್ತೈತಿ," ಎಂದಳು ದುಂಡವ್ವ. "ಒಮ್ಮೆಲೆ ಬಿಡಿಸಿದ್ರ ಒದರಿ ಒದರಿ ಸಾಯ್ತೈತಿ. ಮೊದಲ ಹೊತ್ತ ಕಮ್ಮಿ ಮಾಡಬೇಕು, ಆಮ್ಯಾಲೆ ಗುಟುಕ ಕಮ್ಮಿ ಮಾಡಬೇಕು. ಕಡೀಕ ಬರೇ ಮೊಲಿ ಚೀಪಿ ಮಕ್ಕೊಂಡಿರತೈತಿ, ಹೊಟ್ಯಾಗ ಹುಲ್ಲ ಇರತೈತಿ. ಇವರಿಗೂ ಹಂಗ ಮಾಡಬೇಕಂತೀನಿ."

ಶುಭಮ್ ಮೊಬೈಲ್ ತೆಗೆದ. ವಿಡಿಯೋದಲ್ಲಿ ಟೈ ಕಟ್ಟಿಕೊಂಡ ಒಬ್ಬ ಮನುಷ್ಯ ಗಾಜಿನ ಬಟ್ಟಲಿನಲ್ಲಿ ರಮ್ಮಿಗೆ ಬಿಸಿ ಚಹಾ ಬೆರೆಸಿ, ಕಿತ್ತಳೆಯ ಸಿಪ್ಪೆ ಸುರುಳಿ ಮಾಡಿ ಇಳಿಬಿಡುತ್ತಿದ್ದ. ಇಬ್ಬರೂ ತಲೆ ಹತ್ತಿರ ತಂದು ನೋಡಿದರು.

"ಇಂವ ಮನ್ಯಾಗ ಮಾಡಾಕತ್ತಾನೋ, ಪೂಜಿ ಮಾಡಾಕತ್ತಾನೋ?" ಎಂದಳು ದುಂಡವ್ವ. ಆದರೆ ಬೇಕಾದದ್ದನ್ನು ಹಿಡಿದುಕೊಂಡಳು.

ಅಂದೇ ಒಲೆಯ ಮೇಲೆ ಮಾಡಿ ನೋಡಿದರು. ಹಾಲಿಲ್ಲದ ಚಹಾ ಕಡುವಾಗಿ ಕುದಿಯಿತು; ಬಣ್ಣಕ್ಕೆ ಅದೇ ಸಾಕು. ಜಜ್ಜಿದ ಹಸಿಶುಂಠಿ, ಒಂದೆರಡು ಲವಂಗ, ನಾಲಿಗೆ ಸುಡಲು ಕುಟ್ಟಿದ ಮೆಣಸು. ಕರಗುವಷ್ಟು ಬೆಲ್ಲ. ಸೋಸಿ ಸ್ಟೀಲಿನ ಗ್ಲಾಸಿಗೆ ಹಾಕಿ, ಅರ್ಧ ಲಿಂಬೆಹಣ್ಣು ಹಿಂಡಿ, ಕೊನೆಗೆ ರಮ್. ಕುದಿಯುವಾಗ ರಮ್ ಹಾಕಿದರೆ ವಾಸನೆ ಹಾರಿಹೋಗುತ್ತದೆ ಎಂದು ಮೊಬೈಲಿನವನು ಹೇಳಿದ್ದ. ವಾಸನೆಯೇ ಮುಖ್ಯ ಎಂಬುದನ್ನು ದುಂಡವ್ವ ತಾನೇ ಕಂಡುಕೊಂಡಳು: ಬೆರಳನ್ನು ರಮ್ಮಿನಲ್ಲಿ ಅದ್ದಿ ಗ್ಲಾಸಿನ ಅಂಚಿನ ಸುತ್ತ ಹಚ್ಚಿದಳು. ಕುರಿಯ ಮೊಲೆಗೆ ಬೇವು ಹಚ್ಚುವ ಬೆರಳು ಅದು.

ರುಚಿ ನೋಡುವ ಜವಾಬ್ದಾರಿ ಶುಭಮ್‌ನದು. ಕುಡಿದು ಕೆಮ್ಮಿ, "ಭಾರಿ ಆಗೇತ್ರಿ" ಎಂದ. ಕಾಕ್‌ಟೇಲ್ ಎಂಬುದನ್ನು ಅವನು ಜೀವಮಾನದಲ್ಲಿ ಮೊದಲ ಸಲ ಕುಡಿದದ್ದು ಹಾಗೆ, ಕುರಿಹಟ್ಟಿಯ ಪಕ್ಕ, ಬಾಲ್ದಿಯ ಮೇಲೆ ಕುಳಿತು.

ಮಾಳಪ್ಪನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. "ಕಾಕಾ, ನಮ್ಮ ಕಾರ್ಖಾನಿ ಸಾಹೇಬ್ರ ಇದನ್ನ ಕುಡಿಯೂದ್ರಿ," ಎಂದು ಶುಭಮ್ ಹಸಿ ಸುಳ್ಳು ಹೇಳಿದ.

"ಹೌದ? ಏನಂತಾರೋ ಇದಕ್ಕ?"

"ಕಾಕ್‌ಟೇಲ್ ಅಂತಾರ್ರಿ."

ಮಾಳಪ್ಪ ಗುಟುಕರಿಸಿ, ಹುಬ್ಬೇರಿಸಿ, "ಗಂಟಲಾ ಸುಡತೈತಲೇ!" ಎಂದು ಮೆಚ್ಚಿದ. ಮರುದಿನ ಬೇರೆ ಡ್ರೈವರರ ಮುಂದೆ ತಾನು ಈಗ ಸಾಹೇಬರ ಹಾಗೆ ಕುಡಿಯುತ್ತೇನೆಂದು ಹೇಳಿಕೊಂಡು ತಿರುಗಾಡಿದ.

ಚಳಿಗಾಲವಿಡೀ ಅವಳು ಮರಿಗೆ ಹಾಲು ಬಿಡಿಸಿದ ಹಾಗೆಯೇ ಬಿಡಿಸಿದಳು. ಗುಟುಕಿಗೆ ಗುಟುಕು. ಅರ್ಧ ಗ್ಲಾಸಿದ್ದ ರಮ್ ಕಾಲು ಗ್ಲಾಸಿಗೆ ಬಂತು, ಆಮೇಲೆ ಬಾಟಲಿಯ ಮುಚ್ಚಳದ ಲೆಕ್ಕಕ್ಕೆ ಇಳಿಯಿತು. ಕೈ ನಡುಗಿದ ದಿನ ಮತ್ತೆ ಒಂದು ಮುಚ್ಚಳ ಏರಿಸುವಳು, ನಡುಕ ನಿಂತ ಮೇಲೆ ಇಳಿಸುವಳು. ಗೋಕಾಕದಿಂದ ಬರುವ ಅವಳ ಚೀಲ ಈಗ ಠಣ್ ಎನ್ನುತ್ತಿರಲಿಲ್ಲ. ತಾಗಲು ಎರಡನೆಯ ಬಾಟಲಿಯೇ ಇರುತ್ತಿರಲಿಲ್ಲ. ಮಾಳಪ್ಪನ ಊಟ ಹೆಚ್ಚಿತು, ಕಣ್ಣಿನ ಹಳದಿ ತಿಳಿಯಾಯಿತು. ಆದರೂ ನಡುನಡುವೆ ಆ ಸಪ್ಪಳ ಕೇಳುತ್ತಿತ್ತು. ಮರುದಿನ ದುಂಡವ್ವ ಸೆರಗು ಬಿಗಿಯಾಗಿ ಹೊದ್ದು ಬಂದು ಶುಭಮ್‌ಗೆ ತಾನೇ ಸಮಾಧಾನ ಹೇಳುತ್ತಿದ್ದಳು: "ಇನ್ನೂ ಒಂದ ಮುಚ್ಚಳ ಹೋಗಾಕತ್ತೈತಲ್ಲಪಾ. ಅದ ಆಟ ಆಡಸ್ತೈತಿ. ಅದೂ ನಿಲ್ಲಲಿ."

ಸಂಕ್ರಾಂತಿಯ ಮಾರನೆಯ ದಿನ ಅದೂ ನಿಂತಿತು. ಗ್ಲಾಸಿನೊಳಗೆ ಒಂದು ಹನಿಯೂ ಇಲ್ಲ, ಅಂಚಿಗೆ ಹಚ್ಚಿದ ವಾಸನೆ ಮಾತ್ರ. ಶುಭಮ್ ಬೇಕೆಂದೇ ಹೋಗಿ ಪಡಸಾಲೆಯಲ್ಲಿ ಕುಳಿತ. ಮಾಳಪ್ಪ ಲಿಂಬೆಹಣ್ಣಿನ ಚಹಾ ಕುಡಿದ. ಸ್ವಲ್ಪ ಹೊತ್ತಿಗೆ ನಾಲಿಗೆ ದಪ್ಪವಾಯಿತು, ಕಣ್ಣು ಅರ್ಧ ಮುಚ್ಚಿದವು, ಡೊಳ್ಳಿನ ಪದ ಎತ್ತಿದ. "ತಮ್ಮಾ, ಇವತ್ತ ಜರಾ ಜಾಸ್ತಿನ ಆತ ನೋಡು," ಎಂದ. ಶುಭಮ್ ಕಷ್ಟಪಟ್ಟು ನಗು ನುಂಗಿದ. ಕಬ್ಬಿನ ಬದುವಿನ ಮೇಲೆ ತಾನೂ ಹೀಗೇ ಕುಳಿತಿದ್ದೆನಲ್ಲ! ಒಲೆಯ ಮುಂದಿನಿಂದ ದುಂಡವ್ವ ತಿರುಗಿ ನೋಡಿದಳು. ಅಷ್ಟು ಸಂತೋಷದ ಅವಳ ಮುಖವನ್ನು ಅವನು ಮತ್ತೆಂದೂ ನೋಡಲಿಲ್ಲ.

"ಅನ್ನಪೂರ್ಣಾಗ ಹೇಳ್ರಿ ಕಾಕೂ," ಎಂದ ಹೊರಗೆ ಬಂದು.

"ತಡಿ. ಕುಬಸದ ದಿವಸ ಎಲ್ಲಾರ ಮುಂದ ಹೇಳ್ತೀನಿ. ಇವರೂ ಕೇಳಲಿ. ನೀವ ಬಿಟ್ಟ ಎಷ್ಟ ದಿನಾ ಆತು, ನಿಮಗ ಗೊತ್ತಿಲ್ಲ ಅಂತೀನಿ."

ಮೊದಲ ಕೆಲವು ಸಂಜೆ ಹಾಡಿನಲ್ಲೇ ಮುಗಿದವು. ದುಂಡವ್ವ ಹೆರಿಗೆಯ ಕೋಣೆಗೆ ಸುಣ್ಣ ಹಚ್ಚಿದಳು. ಹಳೆಯ ಹೊರಸಿನ ಮಂಚಕ್ಕೆ ಹೊಸ ನುಲಿ ಹಾಕಿಸಿದಳು. ಕೂಸಿಗೆಂದು ಮೆತ್ತನೆಯ ಉಣ್ಣೆ ಆರಿಸಿ ಸಣ್ಣ ಕಂಬಳಿ ನೇಯಿಸಿ ತಂದಳು.

ಆಮೇಲೆ ಒಂದು ದಿನ ಕುರಿ ಹೊಡೆದುಕೊಂಡು ಬರಲು ಅವಳಿಗೆ ತಡವಾಯಿತು. ರೊಟ್ಟಿ ತಣ್ಣಗಾಗಿದ್ದವು. ಶುಭಮ್ ಗೋಡೆಯ ಈಚೆಗೆ ಸಪ್ಪಳ ಕೇಳಿದ. ಮೊದಲು ನಂಬಲಿಲ್ಲ. ಅವಳು ಪಾಪ ಕೈತಪ್ಪಿ ರಮ್ ಹಾಕಿರಬೇಕು ಎಂದುಕೊಂಡೇ ಓಡಿದ. ಬಾಗಿಲು ತೆರೆದೇ ಇತ್ತು. ಗಡಿಯಾರ ಗೂಟಕ್ಕೆ ತೂಗುತ್ತಿತ್ತು. ಏಟಿಗೆ ಒಡೆಯದಿರಲೆಂದು ಮೊದಲೇ ಬಿಚ್ಚಿಟ್ಟ ಹಾಗೆ, ಅದರ ಪಟ್ಟಿಯನ್ನು ಜೋಪಾನವಾಗಿ ಮಡಚಿ ಹಾಕಿತ್ತು. ಒಲೆಯ ಬಳಿ ದುಂಡವ್ವ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕುಳಿತಿದ್ದಳು. ಈ ಸಲ ಅವನಿಗೆ ಕಡ್ಡಿಪೆಟ್ಟಿಗೆ ಕೇಳಲೂ ಬಾಯಿ ಬರಲಿಲ್ಲ.

ಮಾಳಪ್ಪ ಅವನನ್ನು ನೋಡಿ ತೊದಲಿದ. "ನಿಶಾದಾಗ ಏನೋ ಆತ ತಮ್ಮಾ..."

ಮರುದಿನ ನಾಟಿ ವೈದ್ಯ ಮುಂಗೈಗೆ ಬಿದಿರಿನ ದಬ್ಬೆ ಕಟ್ಟಿ ಹೋದ ಮೇಲೆ ಶುಭಮ್ ಮೆಲ್ಲಗೆ ಕೇಳಿದ. "ಕಾಕೂ, ನಿನ್ನೆ ಒಂದೀಟ ಏನರೆ ಹಾಕಿದ್ರೇನ್ರಿ?"

ಅವಳು ಎಡಗೈಯಿಂದ ಗಡಿಗೆಯ ಹಿಂದಿನ ಬಾಟಲಿ ತೆಗೆದು ಅವನ ಮುಂದೆ ಇಟ್ಟಳು. ಬೆರಳು ಅದ್ದಿದ್ದು ಬಿಟ್ಟರೆ ಸಂಕ್ರಾಂತಿಗೆ ಇದ್ದಷ್ಟೇ ಇತ್ತು. ಅವಳು ಬಾಟಲಿಯನ್ನೇ ನೋಡುತ್ತ ಕುಳಿತಳು. ಇಷ್ಟು ವರ್ಷ ಅದಕ್ಕೆ ಶಾಪ ಹಾಕಿದ್ದಳು. ಈಗ ಅದರ ಮೇಲೆ ಹಾಕಲು ಅವಳ ಹತ್ತಿರ ಏನೂ ಉಳಿದಿರಲಿಲ್ಲ.

ಕೈ ಮುರಿದ ಸುದ್ದಿ ಘೋಡಗೇರಿಗೆ ಮುಟ್ಟಿತು. ಭಾನುವಾರ ಬೆಳಿಗ್ಗೆ ಅನ್ನಪೂರ್ಣಾಳ ಅತ್ತೆ ಮರೆವ್ವ ಬಂದಳು. ಸೊಸೆಯನ್ನು ಕಳಿಸಬೇಕೋ ಬೇಡವೋ ಎಂದು ಅವಳು ಹಿರಿಯರ ಮುಂದೆ ಕೇಳಬೇಕಾಗಿತ್ತು. ಊರಿನ ಹಿರಿಯ ಭೀಮರಾಯ ಮುತ್ಯಾ ಪಡಸಾಲೆಯಲ್ಲಿ ಕುಳಿತ. ಪಂಢರಾಪುರಕ್ಕೆ ನಡೆದುಹೋಗುವ, ಕೊರಳಲ್ಲಿ ತುಳಸಿಮಾಲೆ ಹಾಕಿದ ಮನುಷ್ಯ. ಎಣ್ಣೆಯ ವಾಸನೆ ಬಂದರೆ ದಾರಿ ಬದಲಿಸುವವ. ಶುಭಮ್‌ನನ್ನೂ ಕರೆದಿದ್ದರು, ಲಕ್ಕವ್ವನ ಮನೆಯಿಂದ ಕುರ್ಚಿ ತರಲು.

ಮಾಳಪ್ಪ ಕೈಮುಗಿದು ನಿಂತ. "ತಪ್ಪಾಗೇತ್ರಿ ಮುತ್ಯಾ. ನಾ ಹೊಡದಿಲ್ರಿ, ಆ ಎಣ್ಣಿ ಹೊಡಿಸ್ತ್ರಿ. ನನಗ ಧ್ಯಾನಾನ ಇರಲಿಲ್ಲ. ಇವತ್ತಿಂದ ಬಿಟ್ಟೆ. ದೇವರಾಣಿ."

ಅವನ ಕಣ್ಣಲ್ಲಿ ನೀರಿತ್ತು. ಸುಳ್ಳು ನೀರು ಎಂದು ಶುಭಮ್‌ಗೂ ಹೇಳಲಾಗುತ್ತಿರಲಿಲ್ಲ.

"ಎಣ್ಣಿ ಬಿಟ್ರ ಇಂವನಂಥಾಂವ ಊರಾಗಿಲ್ಲ," ಎಂದ ಭೀಮರಾಯ. "ಬೀಗತಿ, ಆಣಿ ಮಾಡ್ಯಾನ. ಹುಡಗೀನ ಕಳಸ್ರಿ. ಮೊದಲನೇ ಬಾಣಂತನಾ, ತವರ ಬಿಡಸಬಾರದು."

ದುಂಡವ್ವ ಎದ್ದು ಒಳಗೆ ಹೋದಳು. ಎಡಗೈಯಲ್ಲಿ ಥರ್ಮಾಸು, ಕಂಕುಳಲ್ಲಿ ಸ್ಟೀಲಿನ ಗ್ಲಾಸು ಹಿಡಿದುಕೊಂಡು ಬಂದಳು. ಗ್ಲಾಸಿಗೆ ಸುರಿದು ಭೀಮರಾಯನ ಮುಂದೆ ಇಟ್ಟಳು. ಕಡುಗೆಂಪು ಬಣ್ಣ.

"ಕುಡೀರಿ ಮುತ್ಯಾ. ಇವರು ದಿನಾ ಕುಡಿಯೂದು ಇದ."

"ಏ ಹುಚ್ಚಿ! ಮಾಲಿ ಹಾಕ್ದಾಂವ ನಾನು. ನನಗ ರಮ್ ಕೊಡತಿಯೇನ?"

"ಮಾಲಿ ಹಾಕೀರಿ ಅಂತನ ನಿಮಗ ಮೊದಲ ಕೊಟ್ಟೀನ್ರಿ. ಮೂಸಿ ನೋಡ್ರಿ."

ಮುದುಕ ಮೂಸಿದ. ಮತ್ತೆ ಮೂಸಿದ. ಅನುಮಾನದಿಂದಲೇ ತುಟಿ ತಾಗಿಸಿದ, ಆಮೇಲೆ ಒಂದು ಗುಟುಕು ಕುಡಿದ. "ಚಹಾ ಐತಲ್ಲವಾ ಇದು. ಶುಂಠಿ, ಲಿಂಬಿಹಣ್ಣ ಹಾಕಿದ್ದು."

"ಹೂನ್ರಿ. ಸಂಕ್ರಾಂತಿ ಆದಾಗಿಂದ ಅವರ ಹೊಟ್ಯಾಗ ರಮ್ ಹೋಗಿಲ್ಲ. ಕೈ ಮುರದ ದಿನಾನೂ ಹೋಗಿದ್ದಿಲ್ಲ. ಈ ಹುಡುಗ ನೋಡ್ಯಾನ, ಕೇಳ್ರಿ."

ಎಲ್ಲರೂ ಶುಭಮ್ ಕಡೆ ತಿರುಗಿದರು. ಕುರ್ಚಿ ಎತ್ತಿಕೊಂಡೇ ನಿಂತಿದ್ದ ಅವನು ತಲೆ ಆಡಿಸಿದ. ಕುಲಗೋಡಕ್ಕೆ ಬಂದ ಮೇಲೆ ಅವನು ಸರಿಯಾಗಿ ಮಾಡಿದ ಕೆಲಸ ಅದೊಂದೇ ಇರಬೇಕು.

ಮಾಳಪ್ಪ ಗ್ಲಾಸನ್ನು ನೋಡಿದ, ಥರ್ಮಾಸು ನೋಡಿದ. ಕಣ್ಣೀರು ಹಾಗೇ ನಿಂತಿತು. ಬಲಗೈ ತಾನಾಗಿ ಹೋಗಿ ಎಡಗೈಯ ಗಡಿಯಾರವನ್ನು ಮುಚ್ಚಿಕೊಂಡಿತು.

"ಬೀಗತಿ," ಎಂದಳು ದುಂಡವ್ವ, "ಹುಡಗೀನ ಕಳಸಬ್ಯಾಡ್ರಿ. ನಾನ ಘೋಡಗೇರಿಗೆ ಬಂದ ಬಾಣಂತನಾ ಮಾಡ್ತೀನಿ. ಕುರಿ ಹೊಡಕೊಂಡ ಬರ್ತೀನಿ. ಇನ್ನ ಇಲ್ಲಿ ನನಗ ಬಿಡಸೂದ ಏನೂ ಉಳದಿಲ್ಲ."

ಹಟ್ಟಿಯಲ್ಲಿ ಒಂದು ಮರಿ ಒದರಿತು. ಭೀಮರಾಯ ಗ್ಲಾಸನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಕುಳಿತ. ಉಳಿದವರೆಲ್ಲ ನುಂಗಿಕೊಂಡ ಪ್ರಶ್ನೆಯನ್ನು ಕೊನೆಗೆ ಮರೆವ್ವನೇ ಕೇಳಿಬಿಟ್ಟಳು.

"ಮತ್ತ ಎಣ್ಣಿನ ಕುಡದಿಲ್ಲಂದ್ರ, ಇವರು ನಿಮ್ಮನ್ನ ಯಾಕ ಹೊಡದ್ರು?"

ದುಂಡವ್ವ ಥರ್ಮಾಸಿನ ಮುಚ್ಚಳ ತಿರುಗಿಸಿ ಹಾಕಿದಳು.

"ಅವರ್ನ ಕೇಳ್ರಿ. ಎಚ್ಚರದಾಗ ಅದಾರಲ್ಲ."